ಟ್ಯಾಕ್ಸಿಗೆ ಬಟ್ಟೆ ಸೀಟು: ಕಲೆ ಕೂರದ ಹಾಗೆ ನಾನು ಹೊಲಿದದ್ದು ಹೀಗೆ

"ಟ್ಯಾಕ್ಸಿಗೆ ಬಟ್ಟೆ ಸೀಟು ಹಾಕುತ್ತೀಯಾ? ತಲೆ ನೆಟ್ಟಗಿದೆಯಾ?" ಹಾಸನದಲ್ಲಿ ಸೀಟು ಹೊಲಿಯುವ ನಮ್ಮ ಕಸುಬಿನವರು ನನ್ನನ್ನು ಹೀಗೆ ಕೇಳಿ ಕೇಳಿ ಸುಸ್ತಾಗಿದ್ದಾರೆ. ಟ್ಯಾಕ್ಸಿ ಅಂದರೆ ರೆಕ್ಸಿನ್, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು, ಅನ್ನುವುದು ಎಲ್ಲರ ಲೆಕ್ಕ. ಈಗ ಎರಡು ಮೂರು ಮಳೆಗಾಲ ಕಳೆದಿವೆ. ನಾನು ಬಟ್ಟೆ ಸೀಟು ಹೊಲಿದುಕೊಟ್ಟ ಇನ್ನೋವಾ, ಎರ್ಟಿಗಾ, ಡಿಜೈರ್ ಗಾಡಿಗಳು ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಶಿರಾಡಿ ಘಾಟಿ ಹತ್ತಿ ಇಳಿಯುತ್ತಲೇ ಇವೆ. ನಕ್ಕವರಲ್ಲೇ ಒಬ್ಬರು ಮೊನ್ನೆ ತಮ್ಮ ಗಿರಾಕಿಯನ್ನು ನನ್ನ ಅಂಗಡಿಗೆ ಕಳಿಸಿದರು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇರುತ್ತದೆ, ಸಹಿಸಿಕೊಳ್ಳಿ. ಮಿಷನ್, ಕವರ್ ಬಿಗಿಯುವ ಹಾಗ್ ರಿಂಗ್, ಅಂಚಿನ ಪೈಪಿಂಗ್ ಇವುಗಳ ಪಾಠ ಇಲ್ಲಿಲ್ಲ, ಸೀಟ್ ಕೆಲಸದವರಿಗೆ ಅದೆಲ್ಲ ಗೊತ್ತು.

ಮೊದಲು ರೆಕ್ಸಿನ್ ವಿಷಯ. ಅದಕ್ಕೆ ಕಲೆ ಹಿಡಿಯುವುದಿಲ್ಲ ಅನ್ನುವುದು ಅರ್ಧ ಮಾತ್ರ ನಿಜ. ನೀರು, ಕೆಸರು, ಕಾಫಿ ಹಿಡಿಯುವುದಿಲ್ಲ, ಒಪ್ಪಿದೆ. ಆದರೆ ರೆಕ್ಸಿನ್ ಮೇಲಿನ ಪದರ ಪಿವಿಸಿ ಪ್ಲಾಸ್ಟಿಕ್, ಅದು ಮೆತ್ತಗಿರಲಿ ಅಂತ ಅದರೊಳಗೆ ಎಣ್ಣೆಯಂಥ ಪ್ಲಾಸ್ಟಿಸೈಸರ್ ಸೇರಿಸಿರುತ್ತಾರೆ. ಹಾಗಾಗಿ ಎಣ್ಣೆಗೆ ಒಗ್ಗುವ ಬಣ್ಣ ಬಿದ್ದರೆ ಒಳಗೇ ಇಳಿದುಬಿಡುತ್ತದೆ. ಹೊಸ ಜೀನ್ಸಿನ ನೀಲಿ, ಬಾಲ್ ಪೆನ್ನಿನ ಶಾಯಿ, ಸಾಂಬಾರಿನ ಅರಿಶಿನ, ಎಲ್ಲ ಅದೇ ಜಾತಿ. ಬೀಜ್ ಬಣ್ಣದ ಸೀಟಿನಲ್ಲಿ ಜೀನ್ಸ್ ಹಾಕಿದ ಡ್ರೈವರ್ ಒಂದು ಬೇಸಿಗೆ ಕೂತರೆ ಸಾಕು, ಆ ನೀಲಿ ಯಾವ ಸೋಪಿಗೂ ಜಗ್ಗುವುದಿಲ್ಲ. ಥಿನ್ನರ್ ಹಾಕಿ ಉಜ್ಜಿದರೆ ನೀಲಿಯ ಜೊತೆ ಮೇಲಿನ ಕೋಟಿಂಗೂ ಕಿತ್ತು ಬರುತ್ತದೆ. ಬಿಸಿಲಿನಲ್ಲಿ ನಿಂತು ನಿಂತು ಪ್ಲಾಸ್ಟಿಸೈಸರ್ ಆರಿಹೋದರೆ ಗಟ್ಟಿಯಾಗಿ ಬಿರುಕು ಬಿಡುವುದು ಬೇರೆ.

ಪಿಯು, ಅಂದರೆ ಪಾಲಿಯುರೆಥೇನ್ ಬಳಿದ ನಕಲಿ ಚರ್ಮ, ಇನ್ನೂ ಕಷ್ಟ. ನಪ್ಪಾ ಅಂತ ಹೆಸರಿಟ್ಟು ಮಾರುತ್ತಾರಲ್ಲ, ಅದೇ. ಕೈಗೆ ಬೆಣ್ಣೆ ಇದ್ದ ಹಾಗೆ, ಗಿರಾಕಿ ಮುಟ್ಟಿದ ಕೂಡಲೇ ಬೀಳುತ್ತಾನೆ. ಆದರೆ ಅಗ್ಗದ ಪಿಯು ತೇವ ಮತ್ತು ಸೆಕೆಗೆ ತಾನಾಗಿ ಒಡೆಯುತ್ತದೆ, ಮುಟ್ಟದೆ ಬಿಟ್ಟರೂ ಒಡೆಯುತ್ತದೆ. ಸಕಲೇಶಪುರದ ಮಳೆಯಲ್ಲಿ ಗ್ಲಾಸು ಏರಿಸಿ ನಿಲ್ಲಿಸಿದ ಗಾಡಿ ಅಂದರೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಒಬ್ಬ ಟ್ರಾವೆಲ್ಸ್ ಮಾಲೀಕರ ನಾಲ್ಕೈದು ಗಾಡಿಗೆ ಸಪ್ಲೈಯರ್ ಮಾತಿನ ಮೇಲೆ ಮೂರು ವರ್ಷದ ಗ್ಯಾರಂಟಿ ಕೊಟ್ಟಿದ್ದೆ. ಎರಡನೇ ಮಳೆಗಾಲಕ್ಕೇ ಚಕ್ಕೆ ಚಕ್ಕೆಯಾಗಿ ಸುಲಿದು ಪ್ರಯಾಣಿಕರ ಬಿಳಿ ಪಂಚೆಗೆ ಅಂಟತೊಡಗಿತು. ಸಪ್ಲೈಯರ್ ಫೋನ್ ಎತ್ತಲಿಲ್ಲ. ನಲವತ್ತು ಸಾವಿರದ ಹತ್ತಿರ ನನ್ನ ಕೈಯಿಂದ ಹೋಯ್ತು. ಮಜಾ ಏನೆಂದರೆ ಪಿಯು ದುಡ್ಡು ತೆಗೆದುಕೊಂಡು ಪಿವಿಸಿ ಕೊಡುವವರೂ ಇದ್ದಾರೆ. ಅದಕ್ಕೆ ಒಂದು ಪರೀಕ್ಷೆ ಇದೆ. ತಾಮ್ರದ ತಂತಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಮಾಲಿನ ತುಂಡಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಒಳಗೆ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಹೊರಗೆ ನಿಂತು ಮಾಡಿ, ಆ ಹೊಗೆ ಒಳ್ಳೆಯದಲ್ಲ.

ಬಟ್ಟೆಗೆ ಬಂದಾಗ ನನ್ನ ಮೊದಲ ಷರತ್ತು ಬಣ್ಣದ್ದು. ನೂಲು ಎಳೆಯುವ ಮೊದಲೇ ಕರಗಿದ ಪಾಲಿಯೆಸ್ಟರಿಗೇ ಬಣ್ಣ ಬೆರೆಸಿರಬೇಕು. ವ್ಯಾಪಾರಿಗಳು ಡೋಪ್ ಡೈ ಅನ್ನುತ್ತಾರೆ. ಎಳೆಯ ನಡುವಿನ ತನಕ ಬಣ್ಣ ಇರುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ, ಸ್ವಲ್ಪ ಖಾರವಾದ ಕ್ಲೀನರ್ ಹಾಕಿದರೂ ಬಿಳುಚುವುದಿಲ್ಲ. ವೆಲ್ವೆಟ್ ತರಹ ಜುಂಗು ಇರುವುದು ಬೇಡವೇ ಬೇಡ, ಬಿಸ್ಕೆಟ್ ಪುಡಿ ಅಲ್ಲೇ ಸಂಸಾರ ಹೂಡುತ್ತದೆ. ಚಪ್ಪಟೆ ನೇಯ್ಗೆ, ಬಿಗಿ ನೇಯ್ಗೆ. ಕಪ್ಪು ಬೇಡ, ಧೂಳೂ ಹಾಲಿನ ಕಲೆಯೂ ಎದ್ದು ಕಾಣುತ್ತವೆ. ಬೂದು, ಕಂದು, ಕಪ್ಪು ಎಳೆ ಕಲಸಿ ನೇಯ್ದದ್ದು ಮಲೆನಾಡಿನ ಕೆಂಪು ಮಣ್ಣಿಗೆ ಸರಿ ಹೊಂದುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸುತ್ತಿದರೆ ಸಿಗುತ್ತದೆ, ಮೀಟರಿಗೆ ಆರೇಳು ನೂರು. ಅಂಗಡಿಯವರು ಮಾರ್ಟಿನ್‌ಡೇಲ್ ಐವತ್ತು ಸಾವಿರ ಉಜ್ಜು ಅಂತ ಕಾಗದ ತೋರಿಸುತ್ತಾರೆ. ಅದು ಸವೆತದ ಲೆಕ್ಕ, ಕಲೆಗೂ ಅದಕ್ಕೂ ಸಂಬಂಧ ಇಲ್ಲ.

ನನ್ನ ಪರೀಕ್ಷೆ ಬೇರೆ. ತಂದ ಸ್ಯಾಂಪಲ್ಲುಗಳನ್ನೆಲ್ಲ ತೇಪೆ ಹಾಕಿ ನನ್ನ ಸ್ಕೂಟರ್ ಸೀಟಿಗೇ ಹೊಲಿದೆ. ಮಳೆ, ಬಿಸಿಲು, ನನ್ನ ಜೀನ್ಸು, ಹಿಂದೆ ಕೂತ ಹೆಂಡತಿಯ ಚೀಲದಿಂದ ಸೋರಿದ ಮೀನಿನ ನೀರು, ಎಲ್ಲ ಬಿತ್ತು. ಒಂದು ವರ್ಷ ಊರೆಲ್ಲ ನಕ್ಕಿತು. ಎಂಟೊಂಬತ್ತು ತೇಪೆಯಲ್ಲಿ ಉಳಿದದ್ದು ಎರಡೇ. ಈಗಲೂ ಆ ಎರಡನ್ನೇ ಬಳಸುತ್ತೇನೆ. ಯಾವುದು ಅಂತ ಕೇಳಬೇಡಿ, ನೀವೂ ಸ್ಕೂಟರ್ ಓಡಿಸಿ!

ಅದೇ ಸೀಟಿನಲ್ಲಿ ಸ್ಪ್ರೇಗಳನ್ನೂ ನೋಡಿದೆ. ಬಟ್ಟೆಗೆ ಹೊಡೆದರೆ ನೀರು ಮುತ್ತಾಗಿ ಉರುಳುತ್ತದಲ್ಲ, ಆ ಫ್ಲೋರೋ ಸ್ಪ್ರೇ. ಈ ಕಥೆ ಹಳೆಯದು. 1953ರಲ್ಲಿ ಅಮೆರಿಕದ 3ಎಂ ಕಂಪನಿಯ ಲ್ಯಾಬಿನಲ್ಲಿ ಫ್ಲೋರೋ ರಸಾಯನದ ಒಂದು ಹನಿ ಕ್ಯಾನ್ವಾಸ್ ಶೂ ಮೇಲೆ ಬಿತ್ತು, ಆ ಜಾಗಕ್ಕೆ ಆಮೇಲೆ ಕೊಳೆ ಹಿಡಿಯಲಿಲ್ಲ. ಅಲ್ಲಿನ ಪ್ಯಾಟ್ಸಿ ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಅದರ ಬೆನ್ನು ಹತ್ತಿ ಕಲೆ ತಡೆಯುವ ಸ್ಕಾಚ್‌ಗಾರ್ಡ್ ಮಾಡಿದರು. ಹಳೆಯ ರಸಾಯನ ದೇಹದಲ್ಲೂ ಮಣ್ಣಿನಲ್ಲೂ ನಾಶವಾಗದೆ ಉಳಿಯುತ್ತದೆ ಅಂತಾದ ಮೇಲೆ 2000ದಲ್ಲಿ ಕಂಪನಿಯೇ ಅದನ್ನು ಕೈಬಿಡುವುದಾಗಿ ಹೇಳಿತು. ಈಗ ಸಿಗುವ ಸ್ಪ್ರೇಗಳು ಮನೆಯ ಸೋಫಾಗೆ ಪರವಾಗಿಲ್ಲ. ಟ್ಯಾಕ್ಸಿ ಸೀಟಿಗೆ ದಿನಕ್ಕೆ ಹತ್ತು ಜನ ಹತ್ತಿ ಜಾರಿ ಇಳಿಯುತ್ತಾರೆ. ನನ್ನ ಸ್ಕೂಟರಿನಲ್ಲೇ ಕೂರುವ ಜಾಗದ ಸ್ಪ್ರೇ ತಿಂಗಳೊಪ್ಪತ್ತಿಗೆ ಸವೆದುಹೋಯ್ತು. ಕೈ ತಾಗದ ಮೂಲೆಯಲ್ಲಿ ಮಾತ್ರ ನೀರು ಇನ್ನೂ ಮುತ್ತಾಗುತ್ತದೆ, ಅಲ್ಲಿ ಯಾರು ಕಾಫಿ ಚೆಲ್ಲುತ್ತಾರೆ? ಒಂದು ಡಬ್ಬಕ್ಕೆ ಏಳೆಂಟು ನೂರು ಸುಮ್ನೆ ದಂಡ.

ನನ್ನ ಅಸಲಿ ವಿಷಯ ಬಟ್ಟೆಯ ಕೆಳಗಿದೆ. ಸೀಟು ಹಾಳಾಗುವುದು ಮೇಲಿನ ಕಲೆಯಿಂದಲ್ಲ, ಫೋಮ್ ಕುಡಿದದ್ದರಿಂದ. ನೀವು ಮೇಲೆ ತೊಳೆಯುತ್ತೀರಿ, ಚೊಕ್ಕ ಆಯ್ತು ಅಂತ ಖುಷಿ. ಒಣಗುವಾಗ ಫೋಮ್‌ನೊಳಗಿನ ಕೊಳೆ ಬಟ್ಟೆಗೆ ಏರಿ ಬಂದು ಬೆಳಿಗ್ಗೆ ಅದೇ ಕಲೆ ಅಲ್ಲೇ. ಇದು ನೋಡದ ಸೀಟ್ ಕೆಲಸದವರು ಯಾರೂ ಇಲ್ಲ, ಅಲ್ವಾ? ಹಾಗಾಗಿ ನಡುವೆ ಒಂದು ತಡೆ ಬೇಕು ಅಂತ ಹೊರಟೆ. ಪಾಲಿಥಿನ್ ಹಾಕಿದೆ. ಕೂತರೆ ಚರಚರ ಸದ್ದು, ಬೆನ್ನೆಲ್ಲ ಬೆವರು. ರೇನ್‌ಕೋಟ್ ಬಟ್ಟೆ ಹಾಕಿದೆ. ಸದ್ದು ಹೋಯ್ತು, ಆದರೆ ನುಣುಪು, ಬ್ರೇಕ್ ಹಾಕಿದಾಗ ಕವರ್ ಮುಂದೆ ಸರಿದು ಬಂತು. ಕೊನೆಗೆ ಹಾಸಿಗೆ ಪ್ರೊಟೆಕ್ಟರ್‌ಗೆ ಬಳಸುವ ಮಾಲು ಸಿಕ್ಕಿತು. ಹೆಣೆದ ಬಟ್ಟೆಯ ಬೆನ್ನಿಗೆ ಟಿಪಿಯು ಅನ್ನುವ ಹಿಗ್ಗುವ ಪ್ಲಾಸ್ಟಿಕ್ಕಿನ ತೆಳು ಪೊರೆ ಅಂಟಿಸಿರುತ್ತಾರೆ. ಸದ್ದಿಲ್ಲ, ಹಿಗ್ಗುತ್ತದೆ, ನೀರು ಇಳಿಯುವುದಿಲ್ಲ.

ಆದರೂ ಮೊದಲ ಜೋಡಿ ಸೀಟುಗಳು ನಾರಿದವು. ಕಾರಣ ಹುಡುಕಿದರೆ ಬಟ್ಟೆಯ ಬೆನ್ನಿಗೇ ಅಂಟಿಕೊಂಡು ಬರುವ 3 ಎಂಎಂ ಫೋಮ್. ಪೊರೆ ಅದರ ಕೆಳಗಿತ್ತು, ಚೆಲ್ಲಿದ್ದೆಲ್ಲ ಆ ತೆಳು ಫೋಮ್‌ನಲ್ಲೇ ನಿಂತಿತ್ತು. ಈಗ ನಾನು ಬೆನ್ನಿಗೆ ಫೋಮ್ ಇಲ್ಲದ ಬಟ್ಟೆಯನ್ನೇ ತರುತ್ತೇನೆ. ಮೇಲೆ ಬಟ್ಟೆ, ಅದರ ಕೆಳಗೆ ನೇರ ಪೊರೆ, ಮೆತ್ತನೆಯ ಫೋಮ್ ಎಲ್ಲ ಪೊರೆಯ ಕೆಳಗೆ. ಚೆಲ್ಲಿದ ಕಾಫಿಗೆ ನಿಲ್ಲಲು ಜಾಗ ಅಂದರೆ ಒಂದು ತೆಳು ಬಟ್ಟೆ ಮಾತ್ರ. ಒಣ ಟವೆಲ್ ಒತ್ತಿದರೆ ಮುಕ್ಕಾಲು ಪಾಲು ಎದ್ದು ಬರುತ್ತದೆ. ಗಾಳಿ ಆಡಲು ಪೊರೆಯನ್ನು ಎಲ್ಲಿ ನಿಲ್ಲಿಸುತ್ತೇನೆ, ಯಾವ ಅಂಟು ಹಾಕುತ್ತೇನೆ ಅನ್ನುವುದನ್ನು ಹೇಳುವುದಿಲ್ಲ. ಅದು ನನ್ನ ಅನ್ನ.

ಹೊಲಿಗೆ ಬಗ್ಗೆ ಒಂದು ಜಗಳ ಇದ್ದೇ ಇದೆ. ಎಲ್ಲರಿಗೂ ಡೈಮಂಡ್ ಸ್ಟಿಚ್ ಬೇಕು. ಒಂದೊಂದು ಸೂಜಿ ತೂತೂ ಸಾಂಬಾರಿಗೆ ಬಾಗಿಲು. ಕೂರುವ ಗುಂಡಿಯಲ್ಲಿ ನಾನು ಒಂದೂ ಅಲಂಕಾರದ ಹೊಲಿಗೆ ಹಾಕುವುದಿಲ್ಲ, ಬೇಕಾದವರು ಬೇರೆ ಅಂಗಡಿಗೆ ಹೋಗಲಿ ಅಂತ ಹೇಳಿಯೇಬಿಡುತ್ತೇನೆ. ಹೊಲಿಗೆಯೆಲ್ಲ ಅಂಚಿಗೆ ಸರಿಸಿ, ಹಿಂದಿನಿಂದ ರೇನ್‌ಕೋಟಿನವರು ಬಳಸುವ ಸೀಮ್ ಟೇಪನ್ನು, ಅಂದರೆ ಹೊಲಿಗೆ ತೂತು ಮುಚ್ಚುವ ಪಟ್ಟಿಯನ್ನು, ಇಸ್ತ್ರಿ ಹಾಕಿ ಅಂಟಿಸುತ್ತೇನೆ. ಪಕ್ಕಗಳಿಗೆ ಮಾತ್ರ ದಪ್ಪ ಪಿವಿಸಿ, ಹತ್ತಿ ಇಳಿಯುವಾಗ ಸವೆಯುವ ಜಾಗ ಅದು. ಅಲ್ಲಿ ಟಾಕು ಉದ್ದವಾಗಿರಲಿ, 4 ಎಂಎಂ ಹತ್ತಿರ. ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿ ಹರಿದ ಹಾಗೆ ಹರಿಯುತ್ತದೆ. ದಾರ ಬಾಂಡೆಡ್ ಪಾಲಿಯೆಸ್ಟರ್, ಅಂದರೆ ಎಳೆ ಬಿಚ್ಚದ ಹಾಗೆ ಅಂಟು ಲೇಪಿಸಿದ್ದು. ಹತ್ತಿ ಬೆರೆತ ದಾರ ನೀರನ್ನು ಹೀರಿ ಒಳಗೆ ಕಳಿಸುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಗಾಡಿಯಾದರೆ ಬೆನ್ನಿನ ಭಾಗವನ್ನು ನಾನು ಮುಟ್ಟುವುದೇ ಇಲ್ಲ, ಎಷ್ಟು ದುಡ್ಡು ಕೊಟ್ಟರೂ. ಏರ್ ಬ್ಯಾಗ್ ಹೊರಗೆ ಬರಲು ಆ ಹೊಲಿಗೆ ಸಮಯಕ್ಕೆ ಬಿರಿಯಬೇಕು.

ತೊಳೆಯುವ ವಿಷಯದಲ್ಲಿ ಡ್ರೈವರ್‌ಗಳಿಗೆ ಕಲಿಸಿದ್ದು ಸ್ವಲ್ಪವೇ. ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುತ್ತದೆ, ಹೆದರಬೇಡಿ. ಅರಿಶಿನಕ್ಕೆ ಸುಣ್ಣ ಹಾಕಿದರೆ ಕುಂಕುಮ ಆಗುವುದೂ ಇದೇ ಕಾರಣಕ್ಕೆ. ಎಣ್ಣೆ ಹೋಗುವಷ್ಟು ತೊಳೆದು ಬಿಸಿಲಿಗೆ ಬಿಡಿ, ಹಳದಿ ತಾನಾಗಿ ಮಾಯ. ಗಾಜಿನ ಒಳಗಿಂದ ತಡವಾಗುತ್ತದೆ, ಬಾಗಿಲು ತೆರೆದಿಡಿ. ಹಾಲು ಹಾಕಿದ ಕಾಫಿಗೂ ಘಾಟಿಯ ವಾಂತಿಗೂ ಕುದಿಯುವ ನೀರು ಬೇಡ, ಪ್ರೋಟೀನು ಗಟ್ಟಿಯಾಗಿ ಕೂರುತ್ತದೆ. ಉಗುರುಬೆಚ್ಚಗಿನ ನೀರು, ಎನ್‌ಜೈಮ್ ಇರುವ ಬಟ್ಟೆ ಸೋಪಿನ ಪುಡಿ, ಅರ್ಧ ಗಂಟೆ. ಎಲೆ ಅಡಿಕೆಯ ಕೆಂಪಿಗೆ ಮೊದಲು ನಿಂಬೆರಸ, ಆಮೇಲೆ ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ಇದು ಡೋಪ್ ಡೈ ಬಟ್ಟೆಗೆ ಮಾತ್ರ. ಒಣಗಿದ ಮೇಲೆ ಉಳಿಯುವ ಬಿಳಿ ಉಂಗುರ ಬೋರ್‌ವೆಲ್ ಉಪ್ಪಿನದು. ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದಿಟ್ಟು ಕೊನೆಯಲ್ಲಿ ಅದರಲ್ಲಿ ಒರೆಸಿದರೆ ಉಂಗುರ ಇಲ್ಲ. ಬಿಟ್ಟಿ ನೀರು.

ದುಡ್ಡು ಹೇಳಿಬಿಡುತ್ತೇನೆ, ನೆನಪಿನಿಂದ. ಏಳು ಸೀಟಿನ ಗಾಡಿಗೆ 54 ಇಂಚು ಅಗಲದ ಮಾಲು ಹನ್ನೊಂದು ಹನ್ನೆರಡು ಮೀಟರ್ ಬೇಕು. ಪೂರ್ತಿ ರೆಕ್ಸಿನ್ ಆದರೆ ಗಿರಾಕಿಗೆ ಹನ್ನೆರಡು ಸಾವಿರದ ಒಳಗೆ ಮುಗಿಯುತ್ತದೆ. ನನ್ನದು ಹದಿನೇಳು ಹದಿನೆಂಟು. ಕೇಳಿದ ತಕ್ಷಣ ಎದ್ದು ಹೋಗುತ್ತಾರೆ. ಆಗ ನಾನು ಹೇಳುವುದು ಒಂದೇ. ಒಂದು ಮಗು ವಾಂತಿ ಮಾಡಿ ಹೊಲಿಗೆಯಿಂದ ಫೋಮ್‌ಗೆ ಇಳಿದರೆ ಸೀಟು ಬಿಚ್ಚಿ ತೊಳೆದು ಒಣಗಿಸಲು ಮಳೆಗಾಲದಲ್ಲಿ ಎರಡು ಮೂರು ದಿನ. ದಿನದ ಬಾಡಿಗೆ ಎರಡೂವರೆ ಮೂರು ಸಾವಿರ ಹೋಯ್ತು. ಅಂಥದ್ದು ವರ್ಷಕ್ಕೆ ಎರಡು ಬಂದರೆ ನನ್ನ ಸೀಟಿನ ಜಾಸ್ತಿ ದುಡ್ಡು ಅಲ್ಲಿಗೇ ತೀರಿತು. ನನ್ನ ಸೀಟು ರಾತ್ರಿ ತೊಳೆದರೆ ಬೆಳಿಗ್ಗೆ ಬಾಡಿಗೆಗೆ ಹೋಗುತ್ತದೆ.

ಇನ್ನೂ ಬಗ್ಗದೆ ಉಳಿದದ್ದು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಪಾಲಿಯೆಸ್ಟರ್‌ಗೂ ಎಣ್ಣೆಗೂ ಬಲು ಸ್ನೇಹ, ಹೆಡ್‌ರೆಸ್ಟ್ ಆರು ತಿಂಗಳಲ್ಲಿ ಕರ್ರಗಾಗುತ್ತದೆ. ಪಾತ್ರೆ ಸೋಪಿನಲ್ಲಿ ಹೋಗುತ್ತದೆ, ಆದರೆ ವಾರವಾರ ಯಾರು ತೊಳೆಯುತ್ತಾರೆ? ಸದ್ಯಕ್ಕೆ ಹೆಡ್‌ರೆಸ್ಟಿಗೆ ವೆಲ್ಕ್ರೋ ಹಾಕಿದ ಹತ್ತಿ ಟೋಪಿ ಎರಡು ಜೊತೆ ಹೊಲಿದು ಕೊಡುತ್ತಿದ್ದೇನೆ, ಒಂದು ಜೊತೆಗೆ ನೂರೈವತ್ತು. ಸ್ಕೂಟರ್ ಸೀಟಿನಲ್ಲಿ ಈಗ ಬೇರೆ ಮೂರು ತೇಪೆ ಇವೆ, ದಿನಾ ಬೆಳಿಗ್ಗೆ ಎಣ್ಣೆ ಸವರುತ್ತಿದ್ದೇನೆ. ಪ್ಯಾಂಟು ಹಾಳಾಗುತ್ತಿದೆ ಅಂತ ಮನೆಯಲ್ಲಿ ಬೈಗುಳ ನಡೆದಿದೆ.