ನಿಯಮ ಬ್ರಸೆಲ್ಸ್‌ನದು, ಕೌಂಟರ್ ರಾಜ್ಯದ್ದು: ಜರ್ಮನಿಯಲ್ಲಿರುವ ಕನ್ನಡಿಗರಿಗೆ

ಜರ್ಮನಿಗೆ ಬಂದು ವಿಳಾಸ ನೋಂದಾಯಿಸಿದ ಸ್ವಲ್ಪ ದಿನಕ್ಕೆ ಮನೆಗೆ ಒಂದು ಪತ್ರ ಬರುತ್ತದೆ, ಪ್ರಸಾರ ಶುಲ್ಕ ಕಟ್ಟಿ ಅಂತ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಬಹಳ ಜನ ಇದನ್ನು ಕೇಂದ್ರ ಸರ್ಕಾರದ ತೆರಿಗೆ ಅಂದುಕೊಳ್ಳುತ್ತಾರೆ. ಆದರೆ ಇದು 16 ರಾಜ್ಯಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದದಿಂದ ಬಂದದ್ದು. 2020ರಲ್ಲಿ ಶುಲ್ಕವನ್ನು 17.50ರಿಂದ 18.36 ಯೂರೋಗೆ ಏರಿಸಲು ಹೊರಟಾಗ ಸ್ಯಾಕ್ಸನಿ-ಆನ್‌ಹಾಲ್ಟ್ ಒಂದೇ ರಾಜ್ಯ ಅಡ್ಡ ನಿಂತಿತು. ಉಳಿದ 15 ರಾಜ್ಯಗಳು ಒಪ್ಪಿದ್ದರೂ ಏರಿಕೆ ಆಗಲಿಲ್ಲ. ಮರುವರ್ಷ ಸಂವಿಧಾನ ನ್ಯಾಯಾಲಯ ಹೇಳಿದ ಮೇಲೆಯೇ ಅದು ಜಾರಿಗೆ ಬಂತು.

ಪ್ರಸಾರ ಇಲ್ಲಿ ರಾಜ್ಯಗಳ ವಿಷಯ. ಶಾಲೆ ಮತ್ತು ಸಂಸ್ಕೃತಿ ಕೂಡ ಅಷ್ಟೇ. ಹಾಗಾಗಿ ಯುರೋಪಿಯನ್ ಒಕ್ಕೂಟದ ಮಂತ್ರಿಗಳ ಸಭೆಯಲ್ಲಿ ಮುಖ್ಯವಾಗಿ ಈ ವಿಷಯಗಳೇ ಚರ್ಚೆಗೆ ಬಂದರೆ, ಜರ್ಮನಿಯ ಪರವಾಗಿ ಮಾತಾಡುವುದು ಬರ್ಲಿನ್‌ನ ಕೇಂದ್ರ ಮಂತ್ರಿಯಲ್ಲ, ಯಾವುದೋ ಒಂದು ರಾಜ್ಯದ ಮಂತ್ರಿ. ಸಂವಿಧಾನದ 23ನೇ ವಿಧಿಯಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ಈ ವಿಧಿ ಸುಮ್ನೆ ಬಂದದ್ದಲ್ಲ. ಮೊದಲು ಕೇಂದ್ರ ಸರ್ಕಾರ ರಾಜ್ಯಗಳ ಅಧಿಕಾರವನ್ನೂ ರಾಜ್ಯಗಳನ್ನು ಕೇಳದೆಯೇ ಯುರೋಪಿಯನ್ ಒಕ್ಕೂಟಕ್ಕೆ, ಅಂದರೆ ಬ್ರಸೆಲ್ಸ್‌ಗೆ ಒಪ್ಪಿಸಬಹುದಿತ್ತು. 1992ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದ ಬಂತು. ಅದು ಜಾರಿಯಾಗಲು ರಾಜ್ಯಗಳ ಸಮ್ಮತಿ ಬೇಕಿತ್ತು. ಸಮ್ಮತಿ ಬೇಕಾದರೆ ನಮಗೂ ಮಾತಾಡುವ ಹಕ್ಕು ಕೊಡಿ ಎಂದು ರಾಜ್ಯಗಳು ಪಟ್ಟು ಹಿಡಿದವು. ಅವು ಗೆದ್ದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಮೇಲೆ ಹೋದ ಅಧಿಕಾರ ಕೆಳಗೆ ಮರಳಿ ಬರುವುದು ಎಲ್ಲೂ ಸುಲಭವಲ್ಲ.

ರಾಜ್ಯಗಳ ಬಲವೆಲ್ಲ ಇರುವುದು ಬುಂಡೆಸ್‌ರಾಟ್‌ನಲ್ಲಿ. ಇದು ನಮ್ಮ ರಾಜ್ಯಸಭೆಯ ಥರ ಅಂತ ಹೇಳುವುದುಂಟು. ಹೆಸರಿಗೆ ಸರಿ, ಕೆಲಸದಲ್ಲಿ ಬೇರೆ. ಇಲ್ಲಿ ಕೂರುವವರು ರಾಜ್ಯ ಸರ್ಕಾರದ ಮುಖ್ಯಮಂತ್ರಿ ಮತ್ತು ಮಂತ್ರಿಗಳೇ. ಒಟ್ಟು 69 ಮತಗಳು. ಚಿಕ್ಕ ಬ್ರೆಮೆನ್‌ಗೆ 3, ದೊಡ್ಡ ಬವೇರಿಯಾಕ್ಕೆ 6. ಒಂದು ರಾಜ್ಯದ ಮತಗಳೆಲ್ಲ ಒಂದೇ ಕಡೆಗೆ ಬೀಳಬೇಕು. ಪಾಸಾಗಲು 35 ಬೇಕು, ಹಾಗಾಗಿ ತಟಸ್ಥವಾಗಿ ಉಳಿದರೂ ಅದು ಬೇಡ ಎಂದಂತೆಯೇ.

ಇದರ ಬಿಸಿ ವಲಸಿಗರಿಗೆ ನೇರವಾಗಿ ತಟ್ಟಿದ್ದು 2002ರಲ್ಲಿ. ಹೊಸ ವಲಸೆ ಕಾನೂನಿಗೆ ಮತ ಹಾಕುವಾಗ ಬ್ರಾಂಡೆನ್‌ಬುರ್ಗ್ ರಾಜ್ಯದ ಸಮ್ಮಿಶ್ರ ಸರ್ಕಾರದ ಒಬ್ಬ ಮಂತ್ರಿ ಹೌದು ಅಂದರು, ಪಕ್ಕದಲ್ಲಿದ್ದ ಇನ್ನೊಬ್ಬರು ಬೇಡ ಅಂದರು. ಸಭಾಧ್ಯಕ್ಷರು ಅದನ್ನು ಹೌದು ಎಂದೇ ಲೆಕ್ಕ ಹಾಕಿದರು, ಕಾನೂನು ಪಾಸಾಯಿತು. ಅದೇ ಡಿಸೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಆ ಮತ ಸಲ್ಲದು ಎಂದಿತು. ಇಡೀ ಕಾನೂನೇ ಬಿದ್ದುಹೋಯಿತು. ಮತ್ತೆ ಮಾತುಕತೆ, ಮತ್ತೆ ರಾಜಿ, ಕೊನೆಗೆ ವಲಸೆ ಕಾನೂನು ಜಾರಿಗೆ ಬಂದದ್ದು 2005ರ ಜನವರಿಯಲ್ಲಿ. ರಾಜ್ಯ ಚುನಾವಣೆಗಳ ಸುದ್ದಿ ಓದಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನಮಗೆ ಮತ ಇಲ್ಲದಿರಬಹುದು, ಆದರೆ ಅಲ್ಲಿ ಸರ್ಕಾರ ಬದಲಾದರೆ ಬುಂಡೆಸ್‌ರಾಟ್‌ನ ಲೆಕ್ಕವೂ ಬದಲಾಗುತ್ತದೆ.

ಈಗ ನಮ್ಮಲ್ಲಿ ಎಷ್ಟೋ ಜನರ ಕೈಯಲ್ಲಿರುವ ಬ್ಲೂ ಕಾರ್ಡ್, ಅಂದರೆ ಪರಿಣತ ಕೆಲಸಗಾರರ ವಾಸದ ಪರವಾನಗಿ ನೋಡಿ. ಅದರ ಮೂಲ ನಿಯಮ ಯುರೋಪಿಯನ್ ಒಕ್ಕೂಟದ್ದು, 2009ರಲ್ಲಿ ಬಂದದ್ದು, 2021ರಲ್ಲಿ ಪರಿಷ್ಕೃತವಾದದ್ದು. ಜರ್ಮನಿ ಆ ಪರಿಷ್ಕೃತ ನಿಯಮವನ್ನು ತನ್ನ ಕಾನೂನಿಗೆ ಇಳಿಸಿ 2023ರ ನವೆಂಬರ್‌ನಲ್ಲಿ ಜಾರಿ ಮಾಡಿತು. ಆದರೆ ಕಾರ್ಡ್ ಕೊಡುವವರು ಯಾರು? ನಿಮ್ಮ ಊರಿನ ವಿದೇಶಿಯರ ಕಚೇರಿ, ಅಂದರೆ ಔಸ್‌ಲೆಂಡರ್‌ಬೆಹೋರ್ಡೆ. ಕೇಂದ್ರದ ಕಾನೂನನ್ನೂ ಜಾರಿ ಮಾಡುವುದು ಸಾಮಾನ್ಯವಾಗಿ ರಾಜ್ಯಗಳದೇ ಜವಾಬ್ದಾರಿ ಎಂದು ಇಲ್ಲಿನ ಸಂವಿಧಾನವೇ ಹೇಳುತ್ತದೆ. ಒಂದು ಊರಿನಲ್ಲಿ ಬೇಗ ಆಗುವ ಕೆಲಸ ಇನ್ನೊಂದು ಊರಿನಲ್ಲಿ ತಿಂಗಳುಗಟ್ಟಲೆ ಎಳೆಯುವುದಕ್ಕೆ ಇದೂ ಒಂದು ಕಾರಣ.

ಬ್ರಸೆಲ್ಸ್‌ನಲ್ಲೂ ರಾಜ್ಯಗಳು ಕಾಣಿಸಿಕೊಳ್ಳುತ್ತವೆ. 1985ರಿಂದಲೇ ಅಲ್ಲಿ ತಮ್ಮ ಕಚೇರಿ ತೆರೆಯಲು ಶುರು ಮಾಡಿದವು. ಬವೇರಿಯಾದ್ದಂತೂ ಯುರೋಪಿಯನ್ ಸಂಸತ್ತಿನ ಪಕ್ಕದಲ್ಲೇ ಇದೆ. 1994ರಲ್ಲಿ ಕೆಲಸ ಆರಂಭಿಸಿದ ಪ್ರದೇಶಗಳ ಸಮಿತಿಯಲ್ಲಿ ಜರ್ಮನಿಗೆ 24 ಸ್ಥಾನ, ಹೆಚ್ಚಿನವು ರಾಜ್ಯಗಳ ಪಾಲಿಗೆ. ಆದರೆ ಆ ಸಮಿತಿ ಸಲಹೆ ಕೊಡಬಹುದೇ ಹೊರತು ಯಾವುದನ್ನೂ ತಡೆಯಲಾರದು. ಅದಕ್ಕಿಂತ ತೂಕದ್ದು 2009ರಲ್ಲಿ ಜಾರಿಗೆ ಬಂದ, ಒಕ್ಕೂಟದ ಲಿಸ್ಬನ್ ಒಪ್ಪಂದ ಸದಸ್ಯ ದೇಶಗಳ ಸಂಸತ್ತುಗಳಿಗೆ ಕೊಟ್ಟ ಹಕ್ಕು. ಇದು ನಮ್ಮ ಮಟ್ಟದಲ್ಲೇ ಆಗುವ ಕೆಲಸ, ಬ್ರಸೆಲ್ಸ್ ಕೈ ಹಾಕಬೇಕಿಲ್ಲ ಎಂದು ಹೊಸ ಪ್ರಸ್ತಾವಕ್ಕೆ 8 ವಾರದೊಳಗೆ ಆಕ್ಷೇಪ ಎತ್ತಬಹುದು. ಪ್ರತಿ ದೇಶಕ್ಕೆ ಎರಡು ಮತ. ಜರ್ಮನಿಯಲ್ಲಿ ಒಂದು, ಜನರು ನೇರವಾಗಿ ಆರಿಸುವ ಸಂಸತ್ತಾದ ಬುಂಡೆಸ್‌ಟಾಗ್‌ಗೆ, ಇನ್ನೊಂದು ಬುಂಡೆಸ್‌ರಾಟ್‌ಗೆ.

ಬೆಲ್ಜಿಯಂನಲ್ಲಿ ಪ್ರದೇಶಗಳ ಕೈ ಇನ್ನೂ ಜೋರು. 2016ರ ಅಕ್ಟೋಬರ್‌ನಲ್ಲಿ ವಲೋನಿಯಾ ಒಪ್ಪದೆ ಕೆನಡಾ ಜೊತೆಗಿನ ಇಡೀ ಒಕ್ಕೂಟದ ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳುವುದೇ ತಡವಾಯಿತು.

ಮತ ಇಲ್ಲದ ನಮಗೆ ಏನು ದಾರಿ? ಅರ್ಜಿಯ ಹಕ್ಕು. ಜರ್ಮನ್ ಸಂವಿಧಾನದ 17ನೇ ವಿಧಿ ಈ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ, ಪೌರತ್ವ ಕೇಳುವುದಿಲ್ಲ. ಎಲ್ಲಿಗೆ ಬರೆಯಬೇಕು ಅನ್ನುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ವಿದೇಶಿಯರ ಕಚೇರಿ, ಶಾಲೆ, ವೈದ್ಯರ ಪದವಿಯ ಮಾನ್ಯತೆ ಇವುಗಳ ಬಗ್ಗೆ ದೂರಿದ್ದರೆ ಬರ್ಲಿನ್‌ನ ಬುಂಡೆಸ್‌ಟಾಗ್‌ಗಲ್ಲ, ನಿಮ್ಮ ರಾಜ್ಯದ ಶಾಸನಸಭೆಯ ಅರ್ಜಿ ಸಮಿತಿಗೆ ಬರೆಯಿರಿ. ಭಾಷಾ ತರಗತಿ ನೋಡಿಕೊಳ್ಳುವ ಬಾಂಫ್ (BAMF, ವಲಸೆ ಮತ್ತು ನಿರಾಶ್ರಿತರ ಇಲಾಖೆ) ಕೇಂದ್ರದ ಕಚೇರಿ, ಅದರ ದೂರು ಬುಂಡೆಸ್‌ಟಾಗ್‌ಗೆ. ಯುರೋಪಿಯನ್ ನಿಯಮವನ್ನೇ ಮುರಿದಿದ್ದಾರೆ ಅನಿಸಿದರೆ, ಒಕ್ಕೂಟದೊಳಗೆ ವಾಸಿಸುವ ಯಾರು ಬೇಕಾದರೂ ಯುರೋಪಿಯನ್ ಸಂಸತ್ತಿಗೆ ಅರ್ಜಿ ಹಾಕಬಹುದು.

ಒಂದು ಎಚ್ಚರಿಕೆ. ಅರ್ಜಿ ಹಾಕಿದ ಮಾತ್ರಕ್ಕೆ ಕಾನೂನಿನ ಗಡುವು ನಿಲ್ಲುವುದಿಲ್ಲ. ನಿರಾಕರಣೆಯ ಪತ್ರ ಬಂದರೆ, ಅದರ ಕೊನೆಯಲ್ಲಿ ಆಕ್ಷೇಪಣೆಗೆ ಅಥವಾ ಮೊಕದ್ದಮೆಗೆ ಎಷ್ಟು ಸಮಯ, ಯಾವ ಕಚೇರಿಗೆ ಅಥವಾ ನ್ಯಾಯಾಲಯಕ್ಕೆ ಅಂತ ಬರೆದಿರುತ್ತಾರೆ. ಮೊದಲು ಅದನ್ನು ಓದಿ, ಆ ದಿನಾಂಕದೊಳಗೆ ಅಲ್ಲಿ ಹೇಳಿದಂತೆ ಆಕ್ಷೇಪಣೆ ಕಳಿಸಿ ಅಥವಾ ಮೊಕದ್ದಮೆ ಹೂಡಿ. ಅರ್ಜಿಯನ್ನು ಅದರ ಜೊತೆಗೇ ಹಾಕಬಹುದು.