ಬೆನ್ನಿನ ಮಟ್ಟ ಕೆಳಗಿನಿಂದ ಎಣಿಸಿ
ಶಿವಮೊಗ್ಗ ಕಡೆ ಅರಿವಳಿಕೆ ಕೆಲಸದಲ್ಲಿರುವ ಗೆಳೆಯರಿಗೆ, ಬೆನ್ನಿಗೆ ಅರಿವಳಿಕೆ ಸೂಜಿ ಹಾಕುವ ಮಟ್ಟ ಗುರುತಿಸುವ ಬಗ್ಗೆ ಒಂದು ಸಲಹೆ. ಸೊಂಟದ ಎರಡೂ ಮೂಳೆಗಳ ತುದಿ ಸೇರಿಸುವ ಗೆರೆ ಎಲ್4 (ಸೊಂಟದ ಭಾಗದ ನಾಲ್ಕನೇ ಬೆನ್ನುಮೂಳೆ) ಹತ್ತಿರ ಹಾಯುತ್ತದೆ ಅಂತ ಕಲಿತಿದ್ದೇವೆ, ಅಲ್ವಾ? ಆದರೆ ಮೈ ತುಂಬಿದವರಲ್ಲಿ, ಬಸುರಿಯರಲ್ಲಿ ಕೈಗೆ ಸಿಗುವ ಗೆರೆ ಎಷ್ಟೋ ಸಲ ಒಂದು ಮಟ್ಟ ಮೇಲಿರುತ್ತದೆ. ಬೆನ್ನುಹುರಿ ಸಾಮಾನ್ಯವಾಗಿ ಎಲ್1-ಎಲ್2 ಹತ್ತಿರ ಮುಗಿಯುತ್ತದೆ, ಮಟ್ಟ ಮೇಲಾದರೆ ಸೂಜಿ ಹುರಿಗೇ ತಾಗಬಹುದು, ಹಾಗಾಗಿ ಇದು ಸಣ್ಣ ತಪ್ಪಲ್ಲ. ಅಡಿಕೆ ಕೊನೆ ತೆಗೆಯುವವರ ಬೆನ್ನಲ್ಲಿ ಸ್ನಾಯು ಎರಡೂ ಕಡೆ ದಿಂಡಿನ ಹಾಗೆ ಉಬ್ಬಿ, ನಡುವೆ ಕಾಲುವೆ ಕಣ್ಣಿಗೇ ಕಾಣುತ್ತದೆ. ನಡುಗೆರೆ ಸುಲಭ, ಮಟ್ಟ ಅಲ್ಲ.

ಅದಕ್ಕೆ ಅಲ್ಟ್ರಾಸೌಂಡ್‌ನ ಬಾಗಿದ ಪ್ರೋಬನ್ನು (ಮೈಗೆ ಒತ್ತುವ ಹಿಡಿಕೆ) ನಡುಗೆರೆಯ ಪಕ್ಕ ಉದ್ದಕ್ಕೆ ಇಟ್ಟು, ಸ್ವಲ್ಪ ಒಳಗೆ ವಾಲಿಸಿ. ಕೆಳಗೆ ಸೇಕ್ರಮ್ (ಬೆನ್ನೆಲುಬಿನ ಬುಡದ ಮೂಳೆ) ಪರದೆಯಲ್ಲಿ ಒಂದೇ ಬಿಳಿ ಪಟ್ಟಿ. ಅದು ತುಂಡಾಗುವ ಮೊದಲ ಸಂದು ಎಲ್5-ಎಸ್1, ಅಂದರೆ ಸೊಂಟದ ಕೊನೆಯ ಬೆನ್ನುಮೂಳೆ ಮತ್ತು ಸೇಕ್ರಮ್ ನಡುವಿನದು. ಅಲ್ಲಿಂದ ಗರಗಸದ ಹಲ್ಲಿನ ಹಾಗೆ ಕಾಣುವ ಮೂಳೆಗಳನ್ನು ಎಣಿಸುತ್ತಾ ಮೇಲೆ ಬನ್ನಿ. ಜೆಲ್ ಒರೆಸಿಯೇ ಪೆನ್ನಲ್ಲಿ ಗುರುತು ಹಾಕಿ. ಕೆಲವರಲ್ಲಿ ಎಲ್5 ಸೇಕ್ರಮ್‌ಗೆ ಅಂಟಿರುತ್ತದೆ, ಆಗ ಎಣಿಕೆ ತಪ್ಪಬಹುದು; ಹಳೆ ಎಕ್ಸ್‌ರೇ ಇದ್ದರೆ ನೋಡಿಕೊಳ್ಳಿ.