ಎರಡು ಶಾಲೆ ಒಂದಾದಾಗ ನಾವು ಮೊದಲು ನೋಡಿಕೊಂಡದ್ದು

ಗಂಡುಮಕ್ಕಳ ಶಾಲೆ, ಹೆಣ್ಣುಮಕ್ಕಳ ಶಾಲೆ ಎರಡನ್ನೂ ಸೇರಿಸಿ ಒಂದೇ ಪ್ರಾಥಮಿಕ ಶಾಲೆ ಮಾಡಬೇಕೆಂದಾಗ ನಾನು ಹೆಣ್ಣುಮಕ್ಕಳ ಶಾಲೆಯ ಮುಖ್ಯ ಶಿಕ್ಷಕಿ. ಸೇರಿಸುವುದು ನನಗೂ ಒಪ್ಪಿಗೆಯೇ ಇತ್ತು. ಎರಡೂ ಕಡೆ ಮಕ್ಕಳು ಕಡಿಮೆಯಾಗಿದ್ದರು, ಒಬ್ಬೊಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುತ್ತಿದ್ದೆವು. ಒಂದಾದರೆ ತರಗತಿಗೊಬ್ಬರು ಸಿಗುತ್ತಾರೆ. ಅಣ್ಣ ಒಂದು ಶಾಲೆಗೆ, ತಂಗಿ ಇನ್ನೊಂದಕ್ಕೆ ಹೋಗುವುದೂ ತಪ್ಪುತ್ತದೆ. ನನ್ನ ಚಿಂತೆ ಒಂದೇ: ಇಡೀ ಶಾಲೆಯೇ ತಮ್ಮದೆಂದು ಓಡಾಡಿಕೊಂಡಿದ್ದ ಹುಡುಗಿಯರು ಹೊಸ ಶಾಲೆಯಲ್ಲಿ ಮೂಲೆ ಸೇರಬಾರದು.

ಗಂಡುಮಕ್ಕಳ ಶಾಲೆಯ ಕಟ್ಟಡ ದೊಡ್ಡದು, ಹಾಗಾಗಿ ಅಲ್ಲಿಗೇ ಹೋಗುವುದೆಂದಾಯಿತು. ಆದರೆ ಅಲ್ಲಿ ಹುಡುಗಿಯರಿಗೆ ಶೌಚಾಲಯವೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ 25 ಹುಡುಗಿಯರಿಗೆ ಒಂದು ಶೌಚಾಲಯ, 50 ಹುಡುಗರಿಗೆ ಒಂದು ಶೌಚಾಲಯ ಮತ್ತು ಒಂದು ಮೂತ್ರಾಲಯ ಎಂದಿದೆ. ನಾವು ಅದನ್ನೇ ಹಿಡಿದು ಕೂತೆವು. ಸುಣ್ಣಬಣ್ಣ, ಹೊಸ ಬೋರ್ಡು ಎಲ್ಲ ಆಮೇಲೆ. ಒಳಗಿನಿಂದ ಹಾಕುವ ಚಿಲಕ, ನೀರು, ಮುಚ್ಚಳವಿರುವ ಕಸದ ಡಬ್ಬಿ ಇವಿಷ್ಟೂ ಆಗುವ ತನಕ ಒಂದು ಮಗುವನ್ನೂ ಕಳಿಸಲಿಲ್ಲ. ದೊಡ್ಡ ತರಗತಿಯ ಕೆಲವು ಹುಡುಗಿಯರಿಗೆ ಆಗಲೇ ಮುಟ್ಟು ಶುರುವಾಗಿರುತ್ತದೆ ಅಲ್ವಾ?

ಅಮ್ಮಂದಿರ ಜೊತೆ ಬೇರೆಯಾಗಿಯೇ ಕೂತು ಮಾತಾಡಿದೆ. "ಹುಡುಗರು ಕಾಟ ಕೊಟ್ಟರೆ ಯಾರಿಗೆ ಹೇಳಬೇಕು, ಮೇಡಂ?" ಎಂದು ಒಬ್ಬರು ಕೇಳಿದರು. ಧೈರ್ಯ ಹೇಳಿದರೆ ಸಾಲದು. ಇಬ್ಬರು ಶಿಕ್ಷಕಿಯರನ್ನು ಅದಕ್ಕೆಂದೇ ಗೊತ್ತುಮಾಡಿ, ಅವರ ಹೆಸರನ್ನು ಮಕ್ಕಳಿಗೂ ಮನೆಯವರಿಗೂ ತಿಳಿಸಿದೆವು.

ಕಾಗದಪತ್ರದ ಬಗ್ಗೆ ಒಂದೇ ಮಾತು. ಹಳೆಯ ದಾಖಲಾತಿ ಪುಸ್ತಕಗಳನ್ನು ಬೆರೆಸಬೇಡಿ. ಗೆರೆ ಎಳೆದು, ಸಹಿ ಹಾಕಿ ಮುಚ್ಚಿ, ಹೊಸದನ್ನು ತೆರೆಯಿರಿ. ಎಷ್ಟೋ ವರ್ಷಗಳಾದ ಮೇಲೂ ಜನ್ಮದಿನಾಂಕ ಕೇಳಿಕೊಂಡು ಹಳೆಯ ವಿದ್ಯಾರ್ಥಿಗಳು ಬರುತ್ತಾರೆ.

ನಿಜವಾದ ಕೆಲಸ ಇದ್ದದ್ದು ತರಗತಿಯೊಳಗೆ. ಹಾಜರಿಯಲ್ಲಿ ಹುಡುಗರ ಹೆಸರೆಲ್ಲ ಮುಗಿದ ಮೇಲೆ ಹುಡುಗಿಯರದ್ದು ಎನ್ನುವುದನ್ನು ಬಿಟ್ಟು, ಎಲ್ಲರನ್ನೂ ಅಕ್ಷರದ ಕ್ರಮದಲ್ಲಿ ಬರೆದೆವು. ಪ್ರಶ್ನೆ ಕೇಳಿದ ಕೂಡಲೇ ಹುಡುಗರು ಕೂಗಿ ಉತ್ತರ ಹೇಳಿಬಿಡುತ್ತಿದ್ದರು, ಗೊತ್ತಿದ್ದ ಹುಡುಗಿಯರೂ ಸುಮ್ನೆ ಕೂರುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಒಂದು ಸೆಕೆಂಡಿನಷ್ಟೂ ಕಾಯುವುದು ಕಷ್ಟ, ಮೂರು ಸೆಕೆಂಡು ಕಾದರೆ ಜಾಸ್ತಿ ಮಕ್ಕಳು ಬಾಯಿಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ನಾವೂ ಮನಸ್ಸಿನಲ್ಲೇ ಮೂರು ಎಣಿಸಿ, ನಂತರ ಹೆಸರು ಹಿಡಿದು ಕೇಳತೊಡಗಿದೆವು. ಕೂಗಿದ ಉತ್ತರಕ್ಕೆ ಲೆಕ್ಕವಿಲ್ಲ ಎಂದೆವು. ಇದು ಅಂಜುಬುರುಕ ಹುಡುಗರಿಗೂ ಅನುಕೂಲವಾಯಿತು.

ಆಟದ ಬಯಲು ಇನ್ನೂ ಕಷ್ಟ. ಚೆಂಡು ಬಂದರೆ ನಡುವಿನ ಜಾಗವೆಲ್ಲ ಹುಡುಗರದ್ದು, ಹುಡುಗಿಯರು ಗೋಡೆ ಪಕ್ಕಕ್ಕೆ. ವಾರದಲ್ಲಿ ಕೆಲವು ದಿನ ನಡುವಿನ ಜಾಗ ಹುಡುಗಿಯರಿಗೆ, ಕೆಲವು ದಿನ ಬೆರೆತ ತಂಡಗಳಿಗೆ ಎಂದು ಹಂಚಿದೆವು. ಅಲ್ಲಿ ಒಬ್ಬರು ಶಿಕ್ಷಕರು ನಿಲ್ಲದಿದ್ದರೆ ಈ ಹಂಚಿಕೆ ಈಗಲೂ ನಡೆಯುವುದಿಲ್ಲ.

ಹೀಗೆ ಶಾಲೆ ಸೇರಿಸಲು ಹೊರಟವರಿಗೆ ನನ್ನ ಕೋರಿಕೆ: ಮೊದಲ ವರ್ಷ ಹುಡುಗಿಯರ ಹಾಜರಿಯನ್ನು ಪ್ರತಿ ವಾರ ಬೇರೆಯಾಗಿ ನೋಡಿ. ಒಟ್ಟು ಲೆಕ್ಕದಲ್ಲಿ ಅದು ಮುಚ್ಚಿಹೋಗುತ್ತದೆ. ಯಾರಾದರೂ ಬರುವುದು ಕಡಿಮೆಯಾದರೆ ನೋಟಿಸು ಕಳಿಸದೆ, ನೀವೇ ಮನೆಗೆ ಹೋಗಿ ಕೇಳಿ.